ವಲಸೆ ಬಂದವರ ಮಕ್ಕಳೂ ಸಂಜೆಯ ವಿದ್ಯೆಯೂ

ಪರದೇಶಕ್ಕೆ ಬಂದು ನೆಲಸಿದವರ ಮಕ್ಕಳಿಗೆ ಹಗಲಿನ ಪಾಠಶಾಲೆಯೊಂದೇ ಸಾಲದು. ಶಾಲೆಯಲ್ಲಿ ಒಂದು ನುಡಿ, ಮನೆಯಲ್ಲಿ ಮತ್ತೊಂದು ನುಡಿ. ತಿಳಿಯದುದನ್ನು ಕೇಳೋಣವೆಂದರೆ ತಂದೆತಾಯಿಗಳಿಗೇ ಆ ನುಡಿಯು ಬಾರದು. ಈ ಕೊರತೆಯನ್ನು ನೀಗುವುದಕ್ಕಾಗಿ ಅಮೆರಿಕಾ ದೇಶದ ಷಿಕಾಗೊ ನಗರದಲ್ಲಿ ನಡೆದ ಒಂದು ಕಾರ್ಯವು ವಿಚಾರಯೋಗ್ಯವಾಗಿದೆ.

1889ನೆಯ ಇಸವಿಯಲ್ಲಿ ಜೇನ್ ಆಡಮ್ಸ್, ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ಮಹಿಳೆಯರು ಆ ನಗರದ ಬಡಕೇರಿಯಲ್ಲಿದ್ದ ಹಲ್ ಹೌಸ್ ಎಂಬ ಹಳೆಯ ಮನೆಯಲ್ಲಿ ವಾಸಮಾಡತೊಡಗಿದರು. ಸುತ್ತಲೂ ಇಟಲಿ, ಜರ್ಮನಿ, ಬೊಹೀಮಿಯ, ರಷ್ಯಗಳಿಂದ ಬಂದ ಕೂಲಿಕಾರರ ಸಂಸಾರಗಳಿದ್ದುವು. ಬೆಳಗ್ಗೆ ಶಿಶುವಿಹಾರ, ಶಾಲೆ ಬಿಟ್ಟ ತರುವಾಯ ಬಾಲಕಬಾಲಕಿಯರ ಕೂಟಗಳು, ರಾತ್ರಿ ದೊಡ್ಡವರ ತರಗತಿಗಳು ಅಲ್ಲಿ ನಡೆದುವು. ಆದರೆ ಎಷ್ಟೋ ಮಕ್ಕಳಿಗೆ ಬಿಡುವೇ ಇರಲಿಲ್ಲ. ಗುತ್ತಿಗೆಯ ಹೊಲಿಗೆಯು ಮನೆಮನೆಯನ್ನೂ ಹೊಕ್ಕು, ಎಳೆಯ ಕೈಗಳು ಅಂಗಿಗಳ ಕಚ್ಚಾದಾರವನ್ನು ಕೀಳುತ್ತಿದ್ದುವು. ಓದಲು ಹೊತ್ತಿಲ್ಲದ ಮಗುವಿಗೆ ಪುಸ್ತಕವನ್ನು ಕೊಟ್ಟು ಫಲವೇನು? ಹಲ್ ಹೌಸಿನ ನಿವಾಸಿನಿ ಫ್ಲಾರೆನ್ಸ್ ಕೆಲ್ಲಿಯೇ ಮೊದಲಾದವರ ಪ್ರಯತ್ನದಿಂದ 1893ರಲ್ಲಿ ಇಲಿನಾಯ್ ಸಂಸ್ಥಾನದ ಕಾರ್ಖಾನೆಗಳಲ್ಲಿ ಹದಿನಾಲ್ಕು ವರ್ಷದೊಳಗಿನವರ ದುಡಿಮೆಯು ನಿಷಿದ್ಧವಾಯಿತು.

ಇಷ್ಟಾದರೂ ಇನ್ನೊಂದು ಕೇಡು ಉಳಿದಿತ್ತು. ಹೊಸ ನುಡಿಯನ್ನು ಕಲಿತ ಮಕ್ಕಳು ಹೆತ್ತವರನ್ನು ಕಂಡು ನಾಚತೊಡಗಿದರು. ಶಾಲೆಯೇ ಮಗುವನ್ನು ಮನೆಯಿಂದ ಅಗಲಿಸುತ್ತಿದೆಯೆಂದು ಆಡಮ್ಸ್ ಅವರು 1908ರಲ್ಲಿ ಉಪಾಧ್ಯಾಯರ ಮಹಾಸಭೆಯಲ್ಲಿ ನಿಷ್ಠುರವಾಗಿಯೇ ಹೇಳಿದರು. ಆ ಮಾತು ಕಟುವಾದರೂ ಯಥಾರ್ಥವಾದುದು. ಅದಕ್ಕೂ ಮುಂಚೆ 1900ರಲ್ಲಿಯೇ ಅವರು ಲೇಬರ್ ಮ್ಯೂಸಿಯಂ ಎಂಬುದನ್ನು ತೆರೆದಿದ್ದರು. ಕನ್ನಡದಲ್ಲಿ ಅದನ್ನು ಕಾಯಕದ ಸಂಗ್ರಹಾಲಯವೆಂದರೆ ಒಪ್ಪೀತು. ಅಲ್ಲಿ ವಲಸೆ ಬಂದ ಮುದುಕಿಯರು ತಮ್ಮ ತಮ್ಮ ದೇಶದ ರೀತಿಯಲ್ಲಿ ನೂಲುತ್ತ, ನೇಯುತ್ತ ಇತರರಿಗೆ ಕಲಿಸುವ ಪಟ್ಟಕ್ಕೇರಿದರು.

ಆಡಮ್ಸ್ ಅವರು 1910ರ ತಮ್ಮ ಗ್ರಂಥದಲ್ಲಿ ಇಟಲಿಯ ಹುಡುಗಿಯೊಬ್ಬಳ ಸಂಗತಿಯನ್ನು ಬರೆದಿರುವರು. ಅವಳು ಅಡಿಗೆಯ ತರಗತಿಗೆ ಬರುತ್ತಿದ್ದಳು. ತಾಯಿಯು ಅದೇ ಸಂಜೆ ತಕಲಿಯಿಂದ ನೂಲಲು ಬರುತ್ತಿದ್ದಳು. ತಲೆವಸ್ತ್ರ, ಒರಟು ಪಾದರಕ್ಷೆಗಳ ಆ ತಾಯಿಯನ್ನು ಮುಂಬಾಗಿಲಲ್ಲಿ ಬಿಟ್ಟು, ಮಗಳು ಪಕ್ಕದ ಬಾಗಿಲಿನಿಂದ ನುಸುಳುವಳು. ಒಂದು ಸಂಜೆ ವಿದ್ಯಾವಂತರ ತಂಡವೊಂದು ತಾಯಿಯನ್ನು ಸುತ್ತುವರಿದು ಅವಳ ಕೈಚಳಕಕ್ಕೆ ಬೆರಗಾದುದನ್ನು ಮಗಳು ಕಂಡಳು. ಆ ಹೊಗಳಿಕೆಯು ನಿಜವೇ ಎಂದು ಆಡಮ್ಸರನ್ನು ಕೇಳಿದಳು. ಅವರು ತಾಯಿಯ ಹುಟ್ಟೂರಿನ ವಿಷಯವನ್ನೂ, ಅಲ್ಲಿ ಹೆಂಗಸರು ಬಂಡೆಯಂಚಿನಿಂದ ತಕಲಿಯನ್ನು ಇಳಿಬಿಟ್ಟು ನೂಲುತ್ತಿದ್ದುದನ್ನೂ ವಿವರಿಸಿದರು. ಬಳಿಕ, ಮಂಚದಡಿಯ ಪೆಟ್ಟಿಗೆಯಲ್ಲಿ ಅಡಗಿಸಿದ್ದ ಕೈನೂಲಿನ ಉಡುಪುಗಳನ್ನು ಹೊರತೆಗೆಯಲು ಮಗಳು ತಾಯಿಗೆ ಒಪ್ಪಿಗೆಯಿತ್ತಳು. ತಾನೂ ತಾಯಿಯ ಬಾಗಿಲಿನಿಂದಲೇ ಒಳಗೆ ಬಂದಳು.