ಹಾಸಿಗೆಯ ಪಕ್ಕದಿಂದ ಹಳ್ಳಿಯ ಬಾಗಿಲಿಗೆ: ಶುಶ್ರೂಷಕಿಯ ಹೊಸ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಉಪಕೇಂದ್ರಕ್ಕೆ ಸಮುದಾಯ ಆರೋಗ್ಯ ಅಧಿಕಾರಿಯೊಬ್ಬರು ಬಂದೊಡನೆ ಊರಿನವರು ಕೇಳುವ ಮೊದಲ ಮಾತು, "ಸೂಜಿ ಹಾಕುತ್ತಾರೆಯೇ, ಗ್ಲೂಕೋಸ್ ಏರಿಸುತ್ತಾರೆಯೇ?" ಎಂಬುದು. ಈ ಹುದ್ದೆಯ ಉದ್ದೇಶವು ಪಂಚಾಯಿತಿಗೇ ಸ್ಪಷ್ಟವಾಗದಿದ್ದರೆ ಊರು ಅದರ ಪ್ರಯೋಜನವನ್ನು ಕಳೆದುಕೊಳ್ಳುತ್ತದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಕಾರ್ಯಕ್ರಮದಡಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಉನ್ನತೀಕರಿಸಲಾಯಿತು. 2023ರಿಂದ ಅವು ಆಯುಷ್ಮಾನ್ ಆರೋಗ್ಯ ಮಂದಿರಗಳೆನಿಸಿವೆ. ಬಯಲು ಪ್ರದೇಶದಲ್ಲಿ 5,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನಸಂಖ್ಯೆಗೆ ಒಂದು ಉಪಕೇಂದ್ರವಿರಬೇಕೆಂಬುದು ಮಾನದಂಡ. ನರ್ಸಿಂಗ್ ವಿದ್ಯಾರ್ಹತೆಯೊಂದಿಗೆ ಸಮುದಾಯ ಆರೋಗ್ಯದಲ್ಲಿ 6 ತಿಂಗಳ ಪ್ರಮಾಣಪತ್ರ ಶಿಕ್ಷಣ ಪಡೆದವರು, ಅಥವಾ ಆ ಪಠ್ಯವನ್ನೊಳಗೊಂಡ ಪದವಿ ಪಡೆದವರು ಈ ಹುದ್ದೆಗೆ ಬರುತ್ತಾರೆ.

ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಹಲವು ವರ್ಷ ದುಡಿದ ಶುಶ್ರೂಷಕಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಸರದಿಯ ರಾತ್ರಿಪಾಳಿ, ರೋಗಿಗಳನ್ನು ಎತ್ತಿ ಮಲಗಿಸಿ ಬಂದ ಬೆನ್ನುನೋವು, ಮನೆಯಲ್ಲಿ ಸಣ್ಣ ಮಕ್ಕಳು. ಕೆಲಸ ಬಿಡುವ ಯೋಚನೆ ಬಂದಾಗ ಅದೇ ಅಭಿಯಾನದಲ್ಲಿ ಇನ್ನೊಂದು ದಾರಿ ಕಾಣುತ್ತದೆ. ಸಂಸ್ಥೆ ಬದಲಾಗದು, ಕೆಲಸದ ಸ್ವರೂಪ ಮಾತ್ರ ಬದಲಾಗುತ್ತದೆ.

ವಾರ್ಡಿನಲ್ಲಿ ಆಕೆ ಪಾರ್ಶ್ವವಾಯು ಬಡಿದವರನ್ನು ಕಂಡಿದ್ದಾರೆ. ರಕ್ತದೊತ್ತಡದ ಮಾತ್ರೆಯನ್ನು "ಈಗ ಆರಾಮಾಗಿದ್ದೇನೆ" ಎಂದು ನಿಲ್ಲಿಸಿದವರು ಅವರಲ್ಲಿದ್ದರು. ಅಲ್ಲಿ ಅವರ ಮಗ್ಗುಲು ಬದಲಾಯಿಸುತ್ತಿದ್ದ ಕೈಗಳೇ ಇಲ್ಲಿ 30 ವರ್ಷ ಮೀರಿದವರ ರಕ್ತದೊತ್ತಡ, ಮಧುಮೇಹ ತಪಾಸಣೆ ಮಾಡುತ್ತವೆ. ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ಲಕ್ಷಣಗಳನ್ನು ಬೇಗ ಗುರುತಿಸಲು ನೆರವಾಗುತ್ತವೆ. ಆದುದರಿಂದ ಇದು ಶುಶ್ರೂಷೆಯನ್ನು ತೊರೆದುದಲ್ಲ, ರೋಗ ಹಾಸಿಗೆ ಹಿಡಿಸುವ ಮುನ್ನವೇ ಶುಶ್ರೂಷೆ ಆರಂಭಿಸಿದುದು.

ಈ ಬದಲಾವಣೆಯಲ್ಲಿ ನಷ್ಟವೂ ಉಂಟು. ವಾರ್ಡಿನಲ್ಲಿ ಕೂಗಿದರೆ ವೈದ್ಯರು ಬರುತ್ತಿದ್ದರು. ಇಲ್ಲಿ ಇ-ಸಂಜೀವಿನಿ ಮೂಲಕ ಅಥವಾ ದೂರವಾಣಿಯಲ್ಲಿ ಕೇಳಬೇಕು. ಗುಣಮುಖರಾಗಿ ಮನೆಗೆ ಹೋಗುವ ರೋಗಿಯನ್ನು ಕಾಣುವ ತೃಪ್ತಿ ಇಲ್ಲಿ ನಿತ್ಯ ಸಿಗದು. ತಪ್ಪಿಹೋದ ಪಾರ್ಶ್ವವಾಯು ಯಾರ ಕಣ್ಣಿಗೂ ಬೀಳುವುದಿಲ್ಲ. ಜೊತೆಗೆ ವರದಿ, ದಾಖಲೆಗಳ ಹೊರೆ. ಊರೂ ಕೈಬಿಟ್ಟರೆ ಆಕೆ ಹಿಂದಿರುಗುತ್ತಾರೆ, ಇಲ್ಲವೇ ಕೆಲಸವನ್ನೇ ತೊರೆಯುತ್ತಾರೆ. ಕೇಂದ್ರದ ಬಾಗಿಲಿಗೆ ಬೀಗ ಬೀಳುತ್ತದೆ.

ಆದ್ದರಿಂದ ಸದಸ್ಯರು ಗಮನಿಸಬೇಕಾದ ಅಂಶಗಳು:

1. ಉಪಕೇಂದ್ರ ಮಟ್ಟದ ಜನ ಆರೋಗ್ಯ ಸಮಿತಿಗೆ ಗ್ರಾಮ ಪಂಚಾಯಿತಿ ಅಧ್ಯಕ್ಷರೇ ಅಧ್ಯಕ್ಷರು, ಸಮುದಾಯ ಆರೋಗ್ಯ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಸಭೆಗಳು ಕಾಗದದ ಮೇಲಷ್ಟೇ ನಡೆಯಬಾರದು.

2. ಕೇಂದ್ರಕ್ಕೆ ನೀರು, ವಿದ್ಯುತ್, ಶೌಚಾಲಯ ಮತ್ತು ಬೀದಿದೀಪ ಇವೆಯೇ ಎಂದು ಸದಸ್ಯರು ಖುದ್ದಾಗಿ ನೋಡಬೇಕು. ಒಂಟಿಯಾಗಿ ಕೆಲಸ ಮಾಡುವ ಮಹಿಳೆಗೆ ಇವು ಸೌಕರ್ಯಗಳಷ್ಟೇ ಅಲ್ಲ, ಸುರಕ್ಷತೆಯೂ ಹೌದು.

3. ಅನಗತ್ಯ ಚುಚ್ಚುಮದ್ದು, ಗ್ಲೂಕೋಸಿಗಾಗಿ ಒತ್ತಡ ಹೇರಬಾರದು. ರಕ್ತದೊತ್ತಡ, ಮಧುಮೇಹಕ್ಕೆ ಚಿಕಿತ್ಸೆ ನಿರ್ಧರಿಸುವವರು ವೈದ್ಯರು; ಆ ಮಾತ್ರೆಯನ್ನು ತಿಂಗಳು ತಿಂಗಳು ಊರಿನಲ್ಲೇ ತಲುಪಿಸಿ, ನಿಗಾ ಇಡುವುದು ಈ ಅಧಿಕಾರಿಯ ಕೆಲಸ.

4. ತಪಾಸಣೆಗೆ ಬಾರದವರ ಮನೆಗೆ ಆಶಾ ಕಾರ್ಯಕರ್ತೆಯೊಂದಿಗೆ ವಾರ್ಡಿನ ಸದಸ್ಯರೂ ಒಮ್ಮೆ ಹೋಗಿಬರಬೇಕು. ಆಕೆಯ ಹತ್ತು ಮಾತಿಗೆ ಬಾರದವರು ಸದಸ್ಯರ ಒಂದು ಮಾತಿಗೆ ಬರಬಹುದು.

ಮೊದಲ ತಪಾಸಣೆಯನ್ನು ಸದಸ್ಯರೇ ಮಾಡಿಸಿಕೊಳ್ಳಲಿ. ಅಧ್ಯಕ್ಷರು ತೋಳು ಚಾಚಿ ಕುಳಿತುದನ್ನು ಕಂಡ ಊರು ತಾನಾಗಿಯೇ ಸಾಲಿನಲ್ಲಿ ನಿಲ್ಲುತ್ತದೆ. ಅನುಭವಿ ಶುಶ್ರೂಷಕಿಯನ್ನು ಇಲಾಖೆ ಉಳಿಸಿಕೊಂಡು ಊರಿಗೆ ಕಳುಹಿಸಿದೆ. ಊರಿನಲ್ಲಿ ಉಳಿಸಿಕೊಳ್ಳುವುದು ಪಂಚಾಯಿತಿಯ ಹೊಣೆ.