ಹವ್ಯಾಸದ ಖರ್ಚು, ಮನೆಯವರ ಪ್ರಶ್ನೆ



ಇಂದು ನಾವು ಎತ್ತಿಕೊಂಡಿರುವ ವಿಷಯ ದೊಡ್ಡ ಶಾಸ್ತ್ರದ್ದಲ್ಲ. ಮನೆಮನೆಯ ಪಡಸಾಲೆಯಲ್ಲಿ ನಡೆಯುವ ಮಾತು. ಮನುಷ್ಯನಿಗೆ ದುಡಿಮೆಯ ಜೊತೆಗೆ ಏನಾದರೊಂದು ಹವ್ಯಾಸವಿರುತ್ತದೆ. ನಮ್ಮ ಕಡೆಗೆ ಅದಕ್ಕೆ ‘ನಾದ’ ಎನ್ನುತ್ತಾರೆ. ಒಬ್ಬನಿಗೆ ನಾಟಕದ ನಾದ, ಒಬ್ಬನಿಗೆ ಕುಸ್ತಿಯ ನಾದ, ಪೇಟೆಯವನಿಗೆ ಕ್ಯಾಮೆರಾದ ನಾದ, ಹಳ್ಳಿಯವನಿಗೆ ಎತ್ತಿನ ನಾದ. ನಾದ ಹತ್ತಿದವನು ಖರ್ಚು ಮಾಡುತ್ತಾನೆ. ಮನೆಯವರು “ಇದೇಕೆ ಇಷ್ಟು ಖರ್ಚು?” ಎಂದು ಕೇಳುತ್ತಾರೆ. ಅವನು ಒಂದು ಉತ್ತರ ಕೊಡುತ್ತಾನೆ. ಆ ಉತ್ತರದಲ್ಲಿ ಎಷ್ಟು ಸತ್ಯವಿದೆ, ಎಷ್ಟು ಸುಳ್ಳಿದೆ ಎಂಬುದನ್ನು ಇಂದು ನೋಡೋಣ. ಉದಾಹರಣೆಗೆ ಎತ್ತಿನ ನಾದವನ್ನೇ ತೆಗೆದುಕೊಳ್ಳೋಣ. ಉಳಿದವರು ಎತ್ತಿನ ಜಾಗದಲ್ಲಿ ತಮ್ಮ ತಮ್ಮ ನಾದವನ್ನು ಇಟ್ಟುಕೊಂಡು ಕೇಳಿರಿ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಹವ್ಯಾಸ ಪಾಪವಲ್ಲ. ದಿನವಿಡೀ ದುಡಿದು ದಣಿದ ಜೀವಕ್ಕೆ ಒಂದು ಸಂತೋಷ ಬೇಕು. ಖಿಲಾರಿ ಎತ್ತನ್ನು ನೋಡಿದವರಿಗೆ ಆ ಸಂತೋಷ ಏನೆಂಬುದು ಗೊತ್ತು. ಬಿಳಿ-ಬೂದು ಮೈ, ಹಿಂದಕ್ಕೆ ಬಾಗಿ ಮೇಲಕ್ಕೆದ್ದ ಉದ್ದನೆಯ ಚೂಪಾದ ಕೊಂಬು, ಬಿಗಿದ ಕಾಲು, ಗಾಳಿಯಂಥ ಓಟ! ದಕ್ಷಿಣ ಮಹಾರಾಷ್ಟ್ರ ಮತ್ತು ನಮ್ಮ ಉತ್ತರ ಕರ್ನಾಟಕದ ಒಣಭೂಮಿಯಲ್ಲಿ ಬೆಳೆದ ತಳಿ ಅದು. ಹಾಲಿಗೆ ಹೆಸರಾದದ್ದಲ್ಲ, ದುಡಿಮೆಗೆ ಮತ್ತು ವೇಗಕ್ಕೆ ಹೆಸರಾದದ್ದು. ಸಂಕ್ರಾಂತಿಯಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಹೋದವನು ಬರಿಗಣ್ಣಿನಿಂದ ನೋಡಿ ಸುಮ್ಮನೆ ಮನೆಗೆ ಬರುವುದು ಕಷ್ಟವೇ ಸರಿ. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದಾಯಿತೆಂದು ನೋಡಿ ವರ್ಷದ ಮಳೆ-ಬೆಳೆ ಹೇಳಿದ ಜನ ನಾವು. ಎತ್ತಿನ ಮೇಲಿನ ಪ್ರೀತಿ ನಮ್ಮ ರಕ್ತದಲ್ಲಿದೆ.

ಆದರೆ ಒಂದು ಬದಲಾವಣೆಯನ್ನು ನೀವು ಗಮನಿಸಬೇಕು. ನಿಮ್ಮ ಅಜ್ಜನ ಕಾಲದಲ್ಲಿ ಎತ್ತು ಒಕ್ಕಲುತನದ ಅರ್ಧಾಂಗಿ. ಗಳೆ ಹೊಡೆಯಲು ಎತ್ತು, ಬಿತ್ತಲು ಎತ್ತು, ಸುಗ್ಗಿಗೆ ಎತ್ತು, ಸಂತೆಗೆ ಹೋಗಲು ಎತ್ತು. ಅದಕ್ಕೆ ಹಾಕಿದ ಹಿಂಡಿ ಬೆಳೆಯಾಗಿ ಮನೆಗೆ ಬರುತ್ತಿತ್ತು. ಇಂದು ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ. ಪಂದ್ಯದ ಎತ್ತನ್ನು ಅನೇಕರು ನೇಗಿಲಿಗೆ ಹೂಡುವುದೇ ಇಲ್ಲ, ಕಾಲು ಕೆಟ್ಟೀತೆಂಬ ಭಯ! ಅಂದಮೇಲೆ ಕಾಯಕದ ಸಂಗಾತಿಯಾಗಿದ್ದ ಎತ್ತು ಈಗ ಹವ್ಯಾಸದ ಎತ್ತಾಯಿತು. ಹವ್ಯಾಸವಾಗಲಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ಒಕ್ಕಲುತನವೆಂದು ಮನೆಯಲ್ಲಿ ಹೇಳಬಾರದು. ಹೆಸರು ಸರಿಯಾಗಿರಲಿ.

ಈಗ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಮಗ ಸಂತೆಯಿಂದ ಹೋರಿಯ ಜೋಡಿ ಹೊಡೆದುಕೊಂಡು ಬಂದಿದ್ದಾನೆ. ತಂದೆ ಕೇಳುತ್ತಾನೆ: “ತಮ್ಮಾ, ಎಷ್ಟಕ್ಕ ಬಿತ್ತು?” ಮಗ ಕೊಂಬು ಸವರುತ್ತ, “ಬಿಡಪಾ, ಅಗ್ಗದಾಗ ಬಂತು, ಅರವತ್ತ ಸಾವಿರ” ಎನ್ನುತ್ತಾನೆ. ಕೊಟ್ಟದ್ದು 1,20,000. ಹೆಂಡತಿ ಒಳಗಿನಿಂದ, “ಹುಡುಗೀ ಫೀ ತುಂಬೂದು ಐತಲ್ರೀ” ಎಂದರೆ, “ಪಂದ್ಯ ಗೆದ್ದ ಮ್ಯಾಲ ತುಂಬೂಣಂತ” ಎಂಬ ಉತ್ತರ. ಇಲ್ಲಿಂದ ಶುರುವಾಗುತ್ತದೆ ನೋಡಿ, ಸಮರ್ಥನೆಯ ಪುರಾಣ.

ಮೊದಲನೆಯ ಸಮರ್ಥನೆ, ‘ಇದರಿಂದ ಲಾಭವಿದೆ’ ಎಂಬುದು. ಬಹುಮಾನ ಬರುತ್ತದೆ, ಹೋರಿಗೆ ಬೆಲೆ ಏರುತ್ತದೆ ಎನ್ನುತ್ತಾನೆ. ಒಳ್ಳೆಯದು, ಲೆಕ್ಕ ಹಾಕೋಣ. ಹಿಂಡಿ, ಹತ್ತಿಕಾಳು, ಹುರುಳಿ, ಹಾಲು, ತತ್ತಿ ಎಲ್ಲ ಸೇರಿ ಜೋಡಿಗೆ ದಿನಕ್ಕೆ 400 ರೂಪಾಯಿ ಎಂದು ಇಟ್ಟುಕೊಂಡರೂ ವರ್ಷಕ್ಕೆ 1,46,000 ರೂಪಾಯಿ ಆಯಿತು. ಪಂದ್ಯಕ್ಕೆ ಒಯ್ಯಲು ಗಾಡಿಯ ಬಾಡಿಗೆ ಬೇರೆ, ಸಂಗಡ ಬಂದ ಹತ್ತು ಜನರ ಊಟ ಬೇರೆ. ಕಣದಲ್ಲಿ 20 ಜೋಡಿ ಇಳಿದರೆ ಮೂರು ಜೋಡಿಗೆ ಬಹುಮಾನ ಬಂದೀತು. ಉಳಿದ 17 ಜೋಡಿಯವರು ಧೂಳು ಕೊಡವಿಕೊಂಡು ಮನೆಗೆ ಬರಬೇಕು. ಗೆದ್ದವನ ಸುದ್ದಿ ಹತ್ತು ಊರಿಗೆ ಹಬ್ಬುತ್ತದೆ, ಸೋತ ಹದಿನೇಳು ಜನರ ಸುದ್ದಿ ಅವರ ಹೆಂಡಂದಿರಿಗೆ ಮಾತ್ರ ಗೊತ್ತು. ಹೀಗಿರುವಾಗ ಹವ್ಯಾಸಕ್ಕೆ ವ್ಯಾಪಾರದ ವೇಷ ಹಾಕಬೇಡಿರಿ. ವ್ಯಾಪಾರವೆಂದು ಹೇಳಿದ ದಿನವೇ ಮನೆಯವರು ಲಾಭ ಕೇಳುತ್ತಾರೆ. ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಆಗ ಸಿಟ್ಟು ಬರುತ್ತದೆ. ಸಿಟ್ಟು ಸೋತವನ ವಾದ.

ಎರಡನೆಯ ಸಮರ್ಥನೆ: “ನಾನೇನು ಕುಡಿಯುತ್ತೇನೆಯೇ? ಜೂಜಾಡುತ್ತೇನೆಯೇ?” ಕುಡಿಯದಿದ್ದರೆ ಬಹಳ ಸಂತೋಷ. ಆದರೆ ಕುಡಿಯದೆ ಇದ್ದುದಕ್ಕೆ ಮನೆಯವರು ಸಂಬಳ ಕೊಡಬೇಕೇನು? ಕೆಟ್ಟದ್ದನ್ನು ಮಾಡದಿರುವುದು ಮನುಷ್ಯನ ಧರ್ಮ. ಅದನ್ನು ಹುಂಡಿಯಂತೆ ಹಿಡಿದುಕೊಂಡು ಮನೆಯ ಪೆಟ್ಟಿಗೆಯಿಂದ ಹಣ ಬಿಡಿಸಿಕೊಳ್ಳುವುದು ತರವಲ್ಲ. ನೆರೆಯವನ ದೊಡ್ಡ ತಪ್ಪನ್ನು ತೋರಿಸಿದರೆ ನಮ್ಮ ಸಾಲ ಒಂದು ರೂಪಾಯಿಯಷ್ಟೂ ಕಡಿಮೆಯಾಗುವುದಿಲ್ಲ.

ಮೂರನೆಯದು ಬಹಳ ಗಡಸು ಮಾತು: “ನಾನು ದುಡಿದದ್ದು, ನಾನು ಖರ್ಚು ಮಾಡುತ್ತೇನೆ.” ಅಯ್ಯಾ, ನೀನು ಒಬ್ಬನೇ ದುಡಿದೆಯೇನು? ಕಳೆ ತೆಗೆದವರು ಯಾರು? ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿದವರು ಯಾರು? ನೀನು ಪಂದ್ಯಕ್ಕೆ ಪರ ಊರಿಗೆ ಹೋದಾಗ ಉಳಿದ ದನಗಳ ಸೆಗಣಿ ಬಳಿದು ಮೇವು ಹಾಕಿದವರು ಯಾರು? ಆ ಕೈಗಳಿಗೆ ಕೂಲಿ ಬರೆದಿಟ್ಟಿದ್ದರೆ ನಿನ್ನ ದುಡಿಮೆಯ ಎಷ್ಟು ಪಾಲು ನಿನ್ನದೆಂದು ತಿಳಿಯುತ್ತಿತ್ತು. ಮನೆಯ ಗಳಿಕೆ ಮನೆಯ ಗಳಿಕೆಯೇ. ಅದರಲ್ಲಿ ಎಲ್ಲರಿಗೂ ಹಕ್ಕಿದೆ, ಆದ್ದರಿಂದ ಎಲ್ಲರಿಗೂ ಪ್ರಶ್ನೆ ಕೇಳುವ ಹಕ್ಕೂ ಇದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ನೋಡಿ ಹಿಗ್ಗಲಿಲ್ಲ; ನಮ್ಮ ನಿತ್ಯದ ಅಳತೆಗೆ ಮೀರಿದ್ದು ನಮಗೆ ಬೇಡವೆಂದು ಅದನ್ನು ಹಿಂದಕ್ಕೆ ಕಳಿಸಿದಳು. ಇಲ್ಲಿ ನೀವು ನೋಡಬೇಕಾದದ್ದು ಮಾರಯ್ಯನವರನ್ನು. “ನೀನು ಯಾರು ಕೇಳುವವಳು?” ಎಂದು ಅವರು ಗದರಿಸಲಿಲ್ಲ. ಹೆಂಡತಿಯ ಮಾತಿನಲ್ಲಿ ಸತ್ಯವಿತ್ತು, ಗಂಡ ಕೇಳಿದ. ಅವರದು ತರುವ ಅಕ್ಕಿಯ ಮಾತಾಗಿತ್ತು, ನಮ್ಮದು ಹೋಗುವ ಹಣದ ಮಾತು. ಎರಡಕ್ಕೂ ಬೇಕಾದದ್ದು ಅಳತೆ. ಅಳತೆ ತಪ್ಪಿದಾಗ ಹೇಳುವವರು ಮನೆಯಲ್ಲಿ ಒಬ್ಬರಿದ್ದರೆ ಅದು ಆ ಮನೆಯ ಪುಣ್ಯ.

ನಾಲ್ಕನೆಯದು ಸಮರ್ಥನೆಯೂ ಅಲ್ಲ, ಬಚ್ಚಿಡುವುದು. ಒಂದು ಲಕ್ಷ ಇಪ್ಪತ್ತು ಸಾವಿರವನ್ನು ಅರವತ್ತು ಸಾವಿರ ಎಂದು ಹೇಳುವುದು. ಇದು ಎಲ್ಲ ನಾದದವರಲ್ಲಿಯೂ ಇದೆ. ಕ್ಯಾಮೆರಾದ ಹೊಸ ಲೆನ್ಸನ್ನು “ಗೆಳೆಯನದು” ಎನ್ನುವವರಿದ್ದಾರೆ, ಹೊಸ ಸಾಮಾನನ್ನು “ಹಳೆಯದೇ” ಎನ್ನುವವರಿದ್ದಾರೆ. ಸದ್ಭಕ್ತರೇ, ಇಷ್ಟು ಮಾತ್ರ ನೆನಪಿಡಿರಿ. ನೀವು ಯಾವ ಬೆಲೆಯನ್ನು ಬಚ್ಚಿಡುತ್ತೀರೋ ಆ ಬೆಲೆ ಹೆಚ್ಚಾಯಿತೆಂದು ನಿಮ್ಮ ಮನಸ್ಸು ಆಗಲೇ ತೀರ್ಪು ಕೊಟ್ಟಾಗಿದೆ. ಎತ್ತು ಸತ್ತರೆ ಇನ್ನೊಂದು ಕೊಳ್ಳಬಹುದು. ಹೆಂಡತಿ ಮಕ್ಕಳ ನಂಬಿಕೆ ಸತ್ತರೆ ಯಾವ ಸಂತೆಯಲ್ಲಿಯೂ ಸಿಗುವುದಿಲ್ಲ.

ಈಗ ದೂರದ ದೇಶದ ಒಂದು ನಿಜವಾದ ಕಥೆ ಹೇಳುತ್ತೇವೆ. ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ವಿಲಿಯಂ ಹರ್ಷೆಲ್ ಎಂಬ ಸಂಗೀತಗಾರನಿದ್ದ. ಹುಟ್ಟಿದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಚರ್ಚಿನಲ್ಲಿ ವಾದ್ಯ ನುಡಿಸಿ, ಸಂಗೀತದ ಪಾಠ ಹೇಳಿ ಜೀವನ ಮಾಡುತ್ತಿದ್ದ. ಅವನಿಗೆ ಆಕಾಶ ನೋಡುವ ನಾದ ಹತ್ತಿತು. ತಾನೇ ದೂರದರ್ಶಕದ ಕನ್ನಡಿ ಉಜ್ಜಲು ನಿಂತ. ಅವನ ತಂಗಿ ಕ್ಯಾರೊಲಿನ್ 1772ರಲ್ಲಿ ಅಣ್ಣನ ಮನೆಗೆ ಬಂದಿದ್ದಳು. ಗಾಯಕಿಯಾಗಬೇಕೆಂದು ಬಂದವಳು, ಚೆನ್ನಾಗಿ ಹಾಡುತ್ತಿದ್ದಳು. ಆದರೆ ಮನೆಯ ಕೋಣೆಗಳೆಲ್ಲ ಕಮ್ಮಟವಾದವು. ಒಮ್ಮೆ ಅಣ್ಣ 16 ತಾಸು ಕನ್ನಡಿಯಿಂದ ಕೈ ತೆಗೆಯದೆ ಉಜ್ಜಿದಾಗ ಅವನ ಬಾಯಿಗೆ ತುತ್ತಿಟ್ಟವಳು ಅವಳು. 1781ರ ಮಾರ್ಚ್ 13ರಂದು ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದ. ಮರುವರ್ಷ ರಾಜ ಅವನಿಗೆ ವರ್ಷಕ್ಕೆ 200 ಪೌಂಡ್ ವೇತನ ಕೊಟ್ಟ. ಜಗತ್ತು ಹೊಗಳಿತು. ತಂಗಿಯ ಹಾಡು ಮಾತ್ರ ಅಲ್ಲಿಗೆ ನಿಂತುಹೋಯಿತು.

ಈ ಕಥೆಯನ್ನು ಕೇಳಿ ನಾದದವರು, “ನೋಡಿರಿ, ಹವ್ಯಾಸದಿಂದ ಗ್ರಹವೇ ಸಿಕ್ಕಿತು” ಎನ್ನುತ್ತಾರೆ. ನಾವು ಹೇಳುವುದು ಬೇರೆ. ಹವ್ಯಾಸದ ಖರ್ಚು ರೂಪಾಯಿಯಲ್ಲಿ ಮಾತ್ರ ಇರುವುದಿಲ್ಲ; ಮನೆಯ ಇನ್ನೊಬ್ಬರ ಆಸೆಯಲ್ಲಿಯೂ ಇರುತ್ತದೆ. ಆದರೆ ಹರ್ಷೆಲ್ ಒಂದು ಒಳ್ಳೆಯ ಕೆಲಸ ಮಾಡಿದ. ತಂಗಿಯನ್ನು ಬರೀ ತುತ್ತಿಡುವವಳಾಗಿ ಉಳಿಸಲಿಲ್ಲ. ಅವಳಿಗೂ ದೂರದರ್ಶಕ ಮಾಡಿಕೊಟ್ಟ, ವಿದ್ಯೆ ಕಲಿಸಿದ. ಅವಳು 1786ರಲ್ಲಿ ತನ್ನ ಮೊದಲ ಧೂಮಕೇತುವನ್ನು ಕಂಡಳು, ಒಟ್ಟು ಎಂಟು ಕಂಡಳು. 1787ರಿಂದ ಅವಳಿಗೂ ರಾಜನಿಂದ ವರ್ಷಕ್ಕೆ 50 ಪೌಂಡ್ ವೇತನ ಬಂದಿತು. ನಾದ ಒಬ್ಬನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡರೆ ಮನೆಗೆ ಭಾರ. ಬಾಗಿಲು ತೆರೆದು ಮನೆಯವರನ್ನು ಒಳಗೆ ಕರೆದರೆ ಅದೇ ನಾದ ಮನೆಗೆ ಬೆಳಕು.

ನಮ್ಮ ನಾಡಿನಲ್ಲಿಯೇ ನೋಡಿರಿ. ಊರ ಜಾತ್ರೆಯಲ್ಲಿ ನಾಯಕನ ಪಾತ್ರಕ್ಕಾಗಿ ಸಾಲ ಮಾಡಿದವರೂ ಇದ್ದಾರೆ. ಅದೇ ನಾಟಕದಿಂದ ಗದುಗಿನ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನ-ವಿದ್ಯೆಗೆ ಹಣ ಕೂಡಿಸಿದರು. ಪರದೆ ಅದೇ, ಬಣ್ಣ ಅದೇ, ಹಾರ್ಮೋನಿಯಂ ಅದೇ. ಯಾರಿಗಾಗಿ ಎಂಬುದು ಬೇರೆ.

ಎತ್ತಿನ ನಾದದವರಿಗೆ ಕಾಲವೇ ಒಂದು ಪರೀಕ್ಷೆ ಇಟ್ಟಿತ್ತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕ ಸರಕಾರ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಡಲು ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪಂದ್ಯಕ್ಕೆ ಅಡ್ಡಿ ಬಂದ ಆ ವರ್ಷಗಳಲ್ಲಿ ನಿಮ್ಮ ಗೋದಲಿಯಲ್ಲಿ ಎತ್ತು ಇತ್ತೋ ಇಲ್ಲವೋ? ನಿಮ್ಮಷ್ಟಕ್ಕೆ ನೀವು ಕೇಳಿಕೊಳ್ಳಿರಿ. ಇಟ್ಟುಕೊಂಡಿದ್ದರೆ ನಿಮ್ಮದು ಎತ್ತಿನ ಪ್ರೀತಿ. ಮಾರಿದ್ದರೆ ನಿಮ್ಮದು ಚಪ್ಪಾಳೆಯ ಪ್ರೀತಿ. ಮೂಕ ಪ್ರಾಣಿಯನ್ನು ಬಾರುಕೋಲಿನಿಂದ ಹೊಡೆದು, ಬಾಲ ತಿರುವಿ ಓಡಿಸಿ ಗಳಿಸಿದ ಚಪ್ಪಾಳೆಗೆ ಮನೆಯವರು ಬೆಲೆ ಕೊಡಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಕ್ಕಳು ಹಿಡಿ ಮಣ್ಣಿನಿಂದ ಎತ್ತು ಮಾಡಿ ಎಷ್ಟು ಹಿಗ್ಗುತ್ತಾರೆ! ಆ ಹಿಗ್ಗಿಗೆ ಒಂದು ಪೈಸೆಯೂ ಬೇಕಿಲ್ಲ.

ಇನ್ನು ಮನೆಯವರಿಗೂ ಎರಡು ಮಾತು. ತಾಯಂದಿರೇ, ಹಿರಿಯರೇ, ಪ್ರತಿಯೊಂದು ರೂಪಾಯಿಗೂ ಮುಖ ಸಿಂಡರಿಸಬೇಡಿರಿ. ಗಂಡಸು ಬೇಸತ್ತು ಕಟ್ಟೆಯ ಮೇಲೆ ಕುಳಿತು ಕೆಡುವುದಕ್ಕಿಂತ ಎತ್ತಿನ ಮೈ ತಿಕ್ಕುತ್ತ ಕುಳಿತರೆ ಮೇಲು. ಮತ್ತೊಂದು ವಿಷಯ: ಮಗನ ಎತ್ತಿಗೆ ಬೈಯುವ ತಂದೆ, ಮಗಳ ಮದುವೆಯಲ್ಲಿ ಊರು ಮೆಚ್ಚಲೆಂದು ಸಾಲ ಮಾಡಿ ಮಂಟಪ ಕಟ್ಟಿಸುತ್ತಾನೆ. ಅದು ಯಾವ ನಾದ? ಅಳತೆಗೋಲು ಒಂದೇ ಇರಲಿ. ಮಗನಿಗೆ ಒಂದು, ತನಗೆ ಒಂದು ಆಗಬಾರದು.

ಹಾಗಾದರೆ ಸರಿಯಾದ ಉತ್ತರ ಯಾವುದು? ಮನೆಯವರು ಕೇಳಿದಾಗ ಏನು ಹೇಳಬೇಕು? ಬಹಳ ಸುಲಭ. ಕೊಳ್ಳುವ ಮೊದಲೇ ಎಲ್ಲರನ್ನೂ ಕೂಡಿಸಿ ಹೀಗೆ ಹೇಳಿರಿ: “ಇದರಿಂದ ಲಾಭವಿಲ್ಲ. ಇದರ ಬೆಲೆ ಇಷ್ಟು, ವರ್ಷದ ಖರ್ಚು ಇಷ್ಟು. ಇದು ನನ್ನ ಸಂತೋಷ. ಬೀಜ-ಗೊಬ್ಬರದ ಹಣ, ಮಕ್ಕಳ ಫೀ, ದವಾಖಾನೆಯ ಹಣ, ಸಾಲದ ಕಂತು ಮೊದಲು ತೆಗೆದಿಟ್ಟಿದ್ದೇನೆ. ಉಳಿದದ್ದರಲ್ಲಿ ನಿಮ್ಮ ಸಂತೋಷಕ್ಕೂ ಪಾಲಿದೆ, ಬಡವನ ದಾಸೋಹಕ್ಕೂ ಪಾಲಿದೆ, ನನಗೂ ಒಂದು ಪಾಲು ಕೊಡಿರಿ. ಈ ವರ್ಷ ಬೇಡವೆಂದರೆ ಮುಂದಿನ ವರ್ಷ ನೋಡೋಣ.” ಹೀಗೆ ಕೇಳಿದವನಿಗೆ ಇಲ್ಲವೆನ್ನುವ ಮನೆ ಅಪರೂಪ. ಇಲ್ಲವೆಂದರೂ ಆ ಮನೆಯಲ್ಲಿ ಅಂದು ರಾತ್ರಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಕಾಯಬಲ್ಲವನ ಕೈಯಲ್ಲಿ ಹವ್ಯಾಸವಿರುತ್ತದೆ, ಕಾಯಲಾರದವನು ಹವ್ಯಾಸದ ಕೈಯಲ್ಲಿ ಇರುತ್ತಾನೆ. ಯಾರ ಮೂಗುದಾಣ ಯಾರ ಕೈಯಲ್ಲಿದೆ ಎಂಬುದನ್ನು ದಿನಾಲು ನೋಡಿಕೊಳ್ಳಿರಿ.

ನಿಮ್ಮ ಹಟ್ಟಿಗಳು ತುಂಬಿರಲಿ, ನಿಮ್ಮ ಮನೆಗಳಲ್ಲಿ ಬಚ್ಚಿಡುವ ಮಾತು ಇಲ್ಲದಿರಲಿ, ದುಡಿದ ಎಲ್ಲರ ಪಾಲಿಗೂ ಸಂತೋಷ ಬರಲಿ ಎಂದು ಹಾರೈಸಿ ನಮ್ಮ ಮಾತಿಗೆ ವಿರಾಮ ಕೊಡುತ್ತೇವೆ.