ಗೋಡೆಗೆ ನಡುಕಟ್ಟು

ಕುಂದಾಪುರದಲ್ಲಾಗಲಿ, ಬೈಂದೂರು ಬ್ರಹ್ಮಾವರಗಳಲ್ಲಾಗಲಿ, ಮನೆ ಕಟ್ಟುವವನು ಮೊದಲು ಲೆಕ್ಕಕ್ಕೆ ಹಿಡಿಯುವುದು ಮಳೆಯನ್ನು. ಮುರಕಲ್ಲಿನ ಗೋಡೆಯ ಮೇಲೆ ಹಂಚಿನ ಮಾಡನ್ನು ಇಳಿಜಾರಾಗಿಸಿ, ಸೂರನ್ನು ಮುಂದಕ್ಕೆ ಚಾಚುತ್ತಾನೆ. ಕಾಲಡಿಯ ನೆಲವೇ ಅಲುಗಿದರೆ ಆ ಗೋಡೆ ಏನಾದೀತೆಂಬ ಪ್ರಶ್ನೆ ಅವನನ್ನು ಕಾಡುವುದು ಕಡಮೆ. ಆ ಪ್ರಶ್ನೆಯನ್ನೇ ಬಾಳಿನ ಕೆಲಸವಾಗಿಸಿಕೊಂಡ ಎಂಜಿನಿಯರು ಡಾ. ಜೈಕೃಷ್ಣ. ನಮ್ಮ ನಾಡಿನವರಲ್ಲ, 1912ರಲ್ಲಿ ಉತ್ತರದ ಮುಜಫರನಗರದಲ್ಲಿ ಹುಟ್ಟಿದವರು.

ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಕಲಿತು, ಅಲ್ಲಿಯೇ ಕಲಿಸುತ್ತಿದ್ದ ಅವರು 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಗೆ ಹೋದರು. ಜಾರ್ಜ್ ಹೌಸ್‌ನರ್ ಅಲ್ಲಿ ಕಟ್ಟಡಗಳ ಓಲಾಟವನ್ನು ಗಣಿತದಿಂದ ಅಳೆಯುತ್ತಿದ್ದರು. 1960ರಲ್ಲಿ ಜೈಕೃಷ್ಣರು ರೂರ್ಕಿಯಲ್ಲಿ ಭೂಕಂಪ ಎಂಜಿನಿಯರಿಂಗಿಗೆಂದೇ ಒಂದು ಶಾಲೆಯನ್ನು ಕಟ್ಟಿದರು. ಮುಂದೆ ಕುಲಪತಿಯಾದರು, 1972ರಲ್ಲಿ ಪದ್ಮಭೂಷಣರಾದರು, ಈ ಶಾಸ್ತ್ರದ ಅಂತರರಾಷ್ಟ್ರೀಯ ಸಂಘಕ್ಕೂ ಅಧ್ಯಕ್ಷರಾದರು.

ಪದವಿಗಳಿಗಿಂತ ಹಿರಿದಾಗಿ ನನಗೆ ತೋರುವುದು ಬಡವನ ಗೋಡೆಯ ಮೇಲೆ ಅವರಿಟ್ಟ ಕಣ್ಣು. ಕಲ್ಲು, ಇಟ್ಟಿಗೆಗಳ ಗೋಡೆ ಮೇಲಿನ ಭಾರವನ್ನು ಎಷ್ಟಾದರೂ ಹೊತ್ತೀತು. ಅಡ್ಡಕ್ಕೆ ಎಳೆದರೆ ತಡೆಯದು. ನೆಲ ಓಲಾಡಿದಾಗ ಮೂಲೆಗಳು ಬಿರಿದು, ನಾಲ್ಕು ಗೋಡೆಗಳು ನಾಲ್ಕು ದಿಕ್ಕಿಗೆ ವಾಲುತ್ತವೆ. ಮಾಡು ಮಲಗಿದವರ ಮೇಲೆ ಬೀಳುತ್ತದೆ. ಅದಕ್ಕೆ ಅವರೂ ಅವರ ಸಂಗಡಿಗರೂ ಪರೀಕ್ಷಿಸಿ ಸೂಚಿಸಿದ ಉಪಾಯ ಸರಳವಾದುದು: ಬಾಗಿಲ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತಲೂ ಎಲ್ಲಿಯೂ ತುಂಡಾಗದ ಕಬ್ಬಿಣ-ಕಾಂಕ್ರೀಟಿನ ಪಟ್ಟಿ, ಮೂಲೆಗಳಲ್ಲಿ ನೆಟ್ಟಗೆ ನಿಲ್ಲಿಸಿದ ಸಲಾಕೆ. ಅಕ್ಕಿಮುಡಿಯನ್ನು ಬೈಹುಲ್ಲಿನ ಹಗ್ಗ ಸುತ್ತಿ ಬಿಗಿಯುವ ನಮ್ಮವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. 1967ರ ಕಟ್ಟಡ ಸಂಹಿತೆಯಲ್ಲಿ ಇಂತಹ ಪಟ್ಟಿ, ಸಲಾಕೆಗಳಿಗೆ ಸ್ಥಾನ ದೊರೆಯಿತು.

ಅದೇ ವರ್ಷದ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ನಡುಗಿತು. 150ಕ್ಕೂ ಮಿಕ್ಕಿ ಜನ ಸತ್ತರು. ಅಲ್ಲಿಯವರೆಗೆ ದಕ್ಷಿಣ ಪ್ರಸ್ಥಭೂಮಿಯ ಬಹುಭಾಗ ನಕಾಶೆಯಲ್ಲಿ ಸೊನ್ನೆಯ ವಲಯವಾಗಿತ್ತು. 1970ರ ನಕಾಶೆಯಲ್ಲಿ ಆ ಸೊನ್ನೆ ಉಳಿಯಲಿಲ್ಲ.

ಜೈಕೃಷ್ಣರು 1999ರಲ್ಲಿ ತೀರಿಕೊಂಡರು. 2001ರ ಜನವರಿ 26ರಂದು ಗುಜರಾತಿನಲ್ಲಿ 13,000ಕ್ಕೂ ಹೆಚ್ಚು ಮಂದಿ ಅಳಿದಾಗ ಸಂಹಿತೆಗಳು ಇದ್ದೇ ಇದ್ದವು. ಕಟ್ಟುವವರಲ್ಲಿ ಬಹುಮಂದಿಗೆ ಅವು ಬರಿಯ ಸಲಹೆಯಾಗಿದ್ದವು. ಮರುವರ್ಷ ಪ್ರಕಟವಾದ ನಕಾಶೆ ನಮ್ಮ ಕರಾವಳಿಯನ್ನು ಮೂರನೆಯ, ಎಂದರೆ ಮಧ್ಯಮ ಅಪಾಯದ ವಲಯದಲ್ಲಿ ಸೇರಿಸಿತು. ನಮ್ಮ ಹೊಸ ಮುರಕಲ್ಲಿನ ಮನೆಗಳಲ್ಲಿಯೂ ಲಿಂಟಲು ಬಾಗಿಲು ಕಿಟಕಿಗಳನ್ನು ದಾಟಿ ಅಲ್ಲಿಗೇ ನಿಲ್ಲುವುದುಂಟು. ಅದನ್ನು ಮೂಲೆ ತಿರುಗಿಸಿ ಸುತ್ತು ತರಲು ತಗಲುವ ಹೆಚ್ಚಿನ ವೆಚ್ಚ ಇಡೀ ಮನೆಯ ವೆಚ್ಚದಲ್ಲಿ ಅಲ್ಪವೇ.